ಬರಹದ ಬಿಡುವು, ಪುಟದ ಬದು

ಮಾತಿಗೆ ಉಸಿರು ಹೇಗೆ ಆಧಾರವೋ ಬರಹಕ್ಕೆ ಬಿಡುವು ಹಾಗೆ ಆಧಾರ. ಬಾನುಲಿಯಲ್ಲಿ ಮಾತನಾಡುವವನು ಒಂದು ವಿಷಯವನ್ನು ಮುಗಿಸಿ ಇನ್ನೊಂದನ್ನು ಎತ್ತಿಕೊಳ್ಳುವ ಮೊದಲು ಕ್ಷಣಕಾಲ ಸುಮ್ಮನಾಗುತ್ತಾನೆ. ಆ ಮೌನದಿಂದಲೇ ಕೇಳುವವರಿಗೆ ಒಂದು ಮಾತು ಇಲ್ಲಿಗೆ ಮುಗಿಯಿತೆಂದು ತಿಳಿಯುತ್ತದೆ. ನಮ್ಮ ಛಂದಶ್ಶಾಸ್ತ್ರದಲ್ಲಿ ಇಂಥ ನಿಲುಗಡೆಗೆ ಯತಿ ಎಂದು ಹೆಸರು. ಕನ್ನಡದ ಕವಿಗಳು ಯತಿಯ ಕಟ್ಟನ್ನು ಬಹುಮಟ್ಟಿಗೆ ಮೀರಿಯೇ ನಡೆದವರು. ಆದರೂ ಅವರ ಪದ್ಯ ಕೆಡಲಿಲ್ಲ, ಏಕೆಂದರೆ ಅಲ್ಲಿ ಪ್ರಾಸವೂ ಗಣವೂ ಕೈಹಿಡಿದು ನಡೆಸುತ್ತವೆ. ಗದ್ಯ ಬರೆಯುವ ನಮಗೆ ನಿಮಗೆ ಆ ಆಸರೆಯಿಲ್ಲ. ಕಾಗದದ ಮೇಲಿನ ಬಿಳಿಯ ತೆರಪೊಂದೇ ನಮ್ಮ ಯತಿ.

ಈ ತೆರಪನ್ನು ಬಿಡುವ ಕೆಲಸ ಹಿಂದೆ ಅಚ್ಚುಕೂಟದವರದಾಗಿತ್ತು. ಇಂದು ಅದು ಮನೆಮನೆಯ ಕೆಲಸವಾಗಿದೆ. ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ಊರುಗಳಲ್ಲಿ ನೋಡಿ: ಸಹಕಾರಿ ಸಂಘದ ವಾರ್ಷಿಕ ವರದಿ, ದೇವಸ್ಥಾನದ ಜೀರ್ಣೋದ್ಧಾರದ ಮನವಿ, ಶಾಲೆಯ ಪ್ರಶ್ನೆಪತ್ರಿಕೆ, ಮಗಳ ಮದುವೆಯ ಕರೆಯೋಲೆ, ಬಾಡಿಗೆಯ ಕರಾರುಪತ್ರ ಇವೆಲ್ಲವನ್ನೂ ಯಾರೋ ಒಬ್ಬರು ಗಣಕಯಂತ್ರದ ಮುಂದೆ ಕುಳಿತು ತಾವೇ ಬರೆದು ತಾವೇ ಜೋಡಿಸುತ್ತಾರೆ. ಲೇಖಕನೂ ಅವರೇ, ಮೊಳೆ ಜೋಡಿಸುವವನೂ ಅವರೇ. ಆದರೆ ಅಕ್ಷರ ಒತ್ತುವುದನ್ನು ಕಲಿತವರು ಬಹಳ ಮಂದಿ. ತೆರಪು ಬಿಡುವುದನ್ನು ಕಲಿತವರು ಕೆಲವರೇ. ಕನ್ನಡ ಕಲಿಸುವ ಮಾಸ್ತರನಾದ ನಾನು ಯಂತ್ರದ ವಿಷಯ ಮಾತನಾಡುವುದು ನಿಮಗೆ ವಿಚಿತ್ರವೆನಿಸೀತು. ಆದರೆ ಇದು ಯಂತ್ರದ ವಿಷಯ ಎಷ್ಟೋ ಅಷ್ಟೇ ಬರವಣಿಗೆಯ ವಿಷಯವೂ ಹೌದು.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ತಾಳೆಯೋಲೆಯ ಗ್ರಂಥಗಳಲ್ಲಿ ವಾಕ್ಯವೃಂದವೆಂಬುದಿಲ್ಲ. ಓಲೆಯ ಎಡದಂಚಿನಿಂದ ಬಲದಂಚಿನವರೆಗೆ ಅಕ್ಷರಗಳು ಬಿಡುವಿಲ್ಲದೆ ಸಾಗುತ್ತವೆ. ದಾರ ಪೋಣಿಸುವ ರಂಧ್ರದ ಸುತ್ತ ಮಾತ್ರ ಲಿಪಿಕಾರ ಒಂದಿಷ್ಟು ಜಾಗ ಬಿಡುತ್ತಿದ್ದ. ಅದು ಅರ್ಥಕ್ಕಾಗಿ ಬಿಟ್ಟ ತೆರಪಲ್ಲ, ದಾರ ಅಕ್ಷರವನ್ನು ಉಜ್ಜಿ ಅಳಿಸಬಾರದೆಂದು ಬಿಟ್ಟದ್ದು. ಚಂಪೂ ಕಾವ್ಯದಲ್ಲಿ ಕಂದ ಎಲ್ಲಿ ತೊಡಗಿತು, ವಚನ ಎಲ್ಲಿ ತೊಡಗಿತು ಎಂಬುದನ್ನು 'ಕಂ', 'ವ' ಎಂಬ ಒಂದೊಂದು ಅಕ್ಷರದ ಗುರುತಿನಿಂದ ತಿಳಿಯಬೇಕು. ಓದುವವನು ಪಂಡಿತನೆಂಬ ಭರವಸೆ ಬರೆಯುವವನಿಗಿತ್ತು. ಓಲೆಯೂ ದುರ್ಲಭ, ಜಾಗವನ್ನು ಖಾಲಿ ಬಿಡುವುದು ದುಂದುಗಾರಿಕೆಯಾಗಿ ತೋರುತ್ತಿತ್ತು.

ಅಚ್ಚು ಬಂದಮೇಲೆ ಸ್ಥಿತಿ ಬದಲಾಯಿತು. ನಮ್ಮ ಕರಾವಳಿಯ ಮಂಗಳೂರಿನಲ್ಲಿ ೧೮೪೩ರಲ್ಲಿ 'ಮಂಗಳೂರು ಸಮಾಚಾರ' ಹೊರಟಿತು. ಕನ್ನಡದ ಮೊದಲ ವೃತ್ತಪತ್ರಿಕೆ ಅದು. ಪತ್ರಿಕೆಯನ್ನು ಓದುವವರು ಪಂಡಿತರೊಬ್ಬರೇ ಅಲ್ಲ. ಒಂದು ಸುದ್ದಿಯನ್ನು ಬಿಟ್ಟು ಇನ್ನೊಂದಕ್ಕೆ ಕಣ್ಣು ಹಾಯಿಸುವವರಿಗೆ ದಾರಿ ತೋರಿಸಬೇಕಲ್ಲ! ಹೀಗೆ ಅಚ್ಚಿನ ಗದ್ಯದೊಂದಿಗೆ, ನಾವು ಪ್ಯಾರಾ ಎನ್ನುವ ವಾಕ್ಯವೃಂದದ ಪದ್ಧತಿ ನಮ್ಮಲ್ಲಿ ಬೇರೂರಿತು. ಮೊಳೆಯಚ್ಚಿನ ಕಾಲದಲ್ಲಿ ಸಾಲು ಸಾಲಿನ ನಡುವೆ ತೆರಪು ಬೇಕಾದರೆ ಸೀಸದ ತೆಳುವಾದ ಪಟ್ಟಿಗಳನ್ನು ಇಡುತ್ತಿದ್ದರು. ಖಾಲಿ ಜಾಗವೆಂದರೆ ಅಲ್ಲಿ ಬರಿಯ ಶೂನ್ಯವಲ್ಲ, ತೂಕವುಳ್ಳ ಲೋಹ. ಪುಟದಲ್ಲಿ ಎಷ್ಟು ಪಟ್ಟಿ ಇಡಬೇಕು, ಯಾವ ಸಾಲಿಗೆ ಪುಟ ಮುಗಿಸಬೇಕು ಎಂಬುದನ್ನು ಜೋಡಿಸುವವನು ಅಳೆದು ಸುರಿದು ನಿರ್ಧರಿಸುತ್ತಿದ್ದ.

ಆಮೇಲೆ ಕಚೇರಿಗಳಿಗೆ ಬೆರಳಚ್ಚು ಯಂತ್ರ ಬಂತು. ಅದರಲ್ಲಿ ತೆರಪು ಬಿಡಲು ಒಂದೇ ಉಪಾಯ: ಸನ್ನೆಯನ್ನು ಎಳೆದು ಕಾಗದವನ್ನು ಒಂದು ಸಾಲು ಮೇಲಕ್ಕೆ ಸರಿಸುವುದು. ಎರಡು ಸಾಲು ಬಿಡಬೇಕಾದರೆ ಎರಡು ಸಲ ಎಳೆಯಿರಿ. ಪುಟ ಮುಗಿಸಬೇಕಾದರೆ ಕಾಗದವನ್ನೇ ಹೊರಕ್ಕೆ ಎಳೆದುಬಿಡಿ. ಗಣಕಯಂತ್ರದ ಎಂಟರ್ ಕೀಲಿ ಈ ಸನ್ನೆಯ ಜಾಗದಲ್ಲಿ ಬಂದು ಕುಳಿತಿತು. ಯಂತ್ರ ಬದಲಾಯಿತು, ಕೈಯ ರೂಢಿ ಬದಲಾಗಲಿಲ್ಲ. ಇಂದಿನ ತೊಂದರೆಗೆಲ್ಲ ಮೂಲ ಇಲ್ಲಿದೆ.

ಏನು ಆ ತೊಂದರೆ? ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಕುಮಟೆಯಲ್ಲಿ ಒಬ್ಬರು ಸಂಘದ ವರದಿಯನ್ನು ಬೆರಳಚ್ಚು ಮಾಡುತ್ತಾರೆ. ಮೂರನೆಯ ಪುಟದಲ್ಲಿ ವರದಿ ಮುಗಿಯಿತು. ಲೆಕ್ಕಪತ್ರ ಹೊಸ ಪುಟದಲ್ಲಿ ತೊಡಗಬೇಕು. ಅವರು ಎಂಟರ್ ಕೀಲಿಯನ್ನು ಹದಿನಾಲ್ಕು ಸಲ ಒತ್ತುತ್ತಾರೆ. ತಲೆಬರಹ ನಾಲ್ಕನೆಯ ಪುಟದ ನೆತ್ತಿಗೆ ಬಂದು ನಿಲ್ಲುತ್ತದೆ. ತೆರೆಯ ಮೇಲೆ ಬಹು ಚೆಂದ. ಅದೇ ಕಡತ ತಿದ್ದುಪಡಿಗೆಂದು ಹೊನ್ನಾವರದ ಅಧ್ಯಕ್ಷರ ಮನೆಗೆ ಹೋಗುತ್ತದೆ. ಅವರು ಎರಡನೆಯ ಪುಟದಲ್ಲಿ ಕೃತಜ್ಞತೆಯ ಮಾತು ಎರಡು ಸಾಲು ಸೇರಿಸುತ್ತಾರೆ. ಕೂಡಲೆ ಲೆಕ್ಕಪತ್ರದ ತಲೆಬರಹ ಎರಡು ಸಾಲು ಕೆಳಕ್ಕೆ ಜಾರುತ್ತದೆ. ಪುಟದ ನೆತ್ತಿಯಲ್ಲಿ ಕಾರಣವಿಲ್ಲದ ಖಾಲಿ ಜಾಗ. ಕಡೆಗೆ ಕಡತ ಅಚ್ಚಿಗೆಂದು ಭಟ್ಕಳಕ್ಕೆ ಹೋಗುತ್ತದೆ. ಅಲ್ಲಿಯ ಯಂತ್ರದಲ್ಲಿ ಮೊದಲಿನ ಅಕ್ಷರಶೈಲಿ ಇಲ್ಲ. ಬೇರೆಯೊಂದು ಶೈಲಿ ಬಂದು ಕುಳಿತುಕೊಳ್ಳುತ್ತದೆ. ಕನ್ನಡದ ಒಂದೊಂದು ಅಕ್ಷರಶೈಲಿಗೂ ಸಾಲಿನ ಎತ್ತರ ಬೇರೆ ಬೇರೆ. ಈಗ ತಲೆಬರಹ ಹಿಂದಿನ ಪುಟದ ತಳದಲ್ಲಿ, ಅದರ ಅಂಕಿಗಳು ಮುಂದಿನ ಪುಟದಲ್ಲಿ. ಒಂದೇ ಬರಹ, ಮೂರು ಊರಿನಲ್ಲಿ ಮೂರು ರೂಪ!

ಇದು ಯಾರ ಅಪರಾಧವೂ ಅಲ್ಲ, ಬರಹದ ಸ್ವಭಾವ. ಓಲೆಯ ಮೇಲೆ ಕೊರೆದ ಅಕ್ಷರ ಕೊರೆದಲ್ಲೇ ಇರುತ್ತದೆ. ಗಣಕದ ಬರಹ ಹಾಗಲ್ಲ, ಅದು ನೀರು. ಮೇಲೆ ಒಂದು ಚೊಂಬು ಸುರಿದರೆ ಕೆಳಗೆ ಒಂದು ಚೊಂಬು ಮುಂದೆ ಸರಿಯುತ್ತದೆ. ಗೋಕರ್ಣದ ಸಮೀಪದ ಸಾಣಿಕಟ್ಟೆಯ ಉಪ್ಪಿನ ಆಗರವನ್ನು ನಿಮ್ಮಲ್ಲಿ ಬಹುಮಂದಿ ಕಂಡಿದ್ದೀರಿ. ಅಲ್ಲಿ ನೀರು ಎಲ್ಲಿ ನಿಲ್ಲಬೇಕೋ ಅಲ್ಲಿ ಬದು ಕಟ್ಟುತ್ತಾರೆ. ತರಗೆಲೆ ರಾಶಿ ಹಾಕಿ ಉಪ್ಪುನೀರನ್ನು ತಡೆಯಲು ಯಾರೂ ಹೋಗುವುದಿಲ್ಲ. ಸಾಲುಸಾಲಾಗಿ ಒತ್ತಿದ ಎಂಟರ್ ಕೀಲಿಗಳು ತರಗೆಲೆಯ ರಾಶಿ. ಬರಹಕ್ಕೆ ಬೇಕಾದದ್ದು ಬದು. ಅಂಥ ಬದುಗಳನ್ನು ವರ್ಡ್ ಮತ್ತು ಲಿಬ್ರೆ ಆಫೀಸ್ ರೈಟರ್ ಎಂಬ ಬರಹದ ತಂತ್ರಾಂಶಗಳೆರಡರಲ್ಲೂ ಮಾಡಿಟ್ಟಿದ್ದಾರೆ. ನಾವು ಅವುಗಳ ಹೆಸರು ತಿಳಿದು ಬಳಸಿಕೊಳ್ಳಬೇಕು, ಅಷ್ಟೆ.

ಮೊದಲನೆಯ ಪಾಠ, ಕಾಣದ್ದನ್ನು ಕಾಣುವುದು. ವರ್ಡ್‌ನಲ್ಲಿ ಕಂಟ್ರೋಲ್, ಷಿಫ್ಟ್ ಮತ್ತು ಎಂಟರ ಅಂಕಿ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ. ರೈಟರ್‌ನಲ್ಲಿ ಕಂಟ್ರೋಲ್ ಮತ್ತು ಎಫ್ ೧೦. ಆಗ ತೆರೆಯ ಮೇಲೆ ಇಂಗ್ಲಿಷಿನ ಪಿ ಅಕ್ಷರವನ್ನು ಹಿಂದುಮುಂದಾಗಿ ಬರೆದಂಥ ಗುರುತುಗಳು ಮೂಡುತ್ತವೆ. ಎಲ್ಲೆಲ್ಲಿ ಎಂಟರ್ ಒತ್ತಿದ್ದೀರೋ ಅಲ್ಲೆಲ್ಲ ಒಂದೊಂದು. ಇವು ಕಾಗದದ ಮೇಲೆ ಅಚ್ಚಾಗುವುದಿಲ್ಲ. ಅಕ್ಷರವೇ ಇಲ್ಲದ ಸಾಲಿನಲ್ಲಿ ಬರಿಯ ಈ ಗುರುತು ನಿಂತಿದ್ದರೆ ಅದು ಖಾಲಿ ಪ್ಯಾರಾ ಎಂದು ತಿಳಿಯಿರಿ. ನಮಗೆ ಅದು ತೆರಪು. ಯಂತ್ರಕ್ಕೆ ಮಾತ್ರ ಅದೂ ಒಂದು ಪ್ಯಾರಾವೇ. ಮಾತಿಲ್ಲದವನೂ ಸಭೆಯಲ್ಲಿ ಒಂದು ಕುರ್ಚಿ ಹಿಡಿಯುತ್ತಾನಲ್ಲವೆ? ಹಾಗೆಯೇ ಈ ಖಾಲಿ ಪ್ಯಾರಾ, ಜರುಗುತ್ತ ಜರುಗುತ್ತ ಹೊಸ ಪುಟದ ನೆತ್ತಿಗೆ ಬಂದರೆ ಅಲ್ಲಿಯೂ ಒಂದು ಸಾಲಿನ ಜಾಗ ಹಿಡಿದೇ ಕೂರುತ್ತದೆ.

ಎರಡನೆಯ ಪಾಠ, ಪ್ಯಾರಾಗಳ ನಡುವಿನ ತೆರಪು. ಇದನ್ನು ಪ್ಯಾರಾದ ಗುಣವಾಗಿ ಹೇಳಿಕೊಡಬೇಕು. ಪ್ಯಾರಾಗ್ರಾಫ್ ಎಂಬ ಪೆಟ್ಟಿಗೆಯನ್ನು ತೆರೆದರೆ ಸ್ಪೇಸಿಂಗ್ ಎಂಬಲ್ಲಿ ಬಿಫೋರ್, ಆಫ್ಟರ್ ಎಂದು ಎರಡು ಮನೆಗಳಿವೆ. ರೈಟರ್‌ನಲ್ಲಿ ಅಬವ್, ಬಿಲೋ ಎಂದಿದೆ. ಪ್ಯಾರಾದ ಮೇಲೆ ಎಷ್ಟು, ಕೆಳಗೆ ಎಷ್ಟು ಎಂದು ಇದರರ್ಥ. ವರ್ಡ್‌ನಲ್ಲಿ ಅಳತೆ ಪಾಯಿಂಟಿನಲ್ಲಿ. ಒಂದು ಅಂಗುಲಕ್ಕೆ ೭೨ ಪಾಯಿಂಟು. ಸಾಧಾರಣ ಬರಹಕ್ಕೆ ಕೆಳಗೆ ೬ ಅಥವಾ ೮ ಪಾಯಿಂಟು ಇಟ್ಟರೆ ಸಾಕು. ಮೇಲಿನದೂ ಕೆಳಗಿನದೂ ಎರಡನ್ನೂ ತುಂಬಲು ಹೋಗಬೇಡಿ. ಯಾವುದು ಎಷ್ಟು ಕೊಟ್ಟಿತೆಂಬ ಲೆಕ್ಕ ತಪ್ಪುತ್ತದೆ. ಹೀಗೆ ಕೊಟ್ಟ ತೆರಪಿನಲ್ಲಿ ಒಂದು ಸ್ವಾರಸ್ಯವುಂಟು. ಪ್ಯಾರಾ ಪುಟದ ತಳದಲ್ಲಿ ಮುಗಿದರೆ ಕೆಳಗಿನ ತೆರಪು ಅಲ್ಲಿಯೇ ಅಡಗಿಹೋಗುತ್ತದೆ. ಮುಂದಿನ ಪುಟಕ್ಕೆ ಹತ್ತಿ ಬರುವುದಿಲ್ಲ.

ಒಂದೇ ಪ್ಯಾರಾದೊಳಗೆ ಸಾಲು ಮುರಿಯಬೇಕಾದ ಸಂದರ್ಭವೂ ಉಂಟು: ವಿಳಾಸ, ಪದ್ಯ, ಆಮಂತ್ರಣದ ಹೆಸರುಗಳು. ಅಲ್ಲಿ ಷಿಫ್ಟ್ ಹಿಡಿದು ಎಂಟರ್ ಒತ್ತಿ. ಸಾಲು ಮುರಿಯುತ್ತದೆ, ಪ್ಯಾರಾ ಮುರಿಯುವುದಿಲ್ಲ. ಪದ್ಯದ ಪಾದ ಬೇರೆ, ಪದ್ಯ ಬೇರೆ ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವಲ್ಲ, ಇದೂ ಅದೇ ವಿವೇಕ.

ಸಾಲುಗಳ ನಡುವಿನ ಅಂತರದ ವಿಷಯದಲ್ಲಿ ಕನ್ನಡಕ್ಕೆ ಒಂದು ವಿಶೇಷ ಎಚ್ಚರಿಕೆ ಬೇಕು. ಲೈನ್ ಸ್ಪೇಸಿಂಗ್ ಎಂಬಲ್ಲಿ 'ಎಕ್ಸಾಕ್ಟ್‌ಲಿ' ಎಂದು ಒಂದು ಆಯ್ಕೆಯಿದೆ. ಇಷ್ಟೇ ಎತ್ತರ, ಇದಕ್ಕಿಂತ ಒಂದು ಕೂದಲೂ ಹೆಚ್ಚಲ್ಲ ಎಂದು ಅದರ ಆಜ್ಞೆ. ಇಂಗ್ಲಿಷ್ ಅಕ್ಷರ ಅದಕ್ಕೆ ಹೊಂದಿಕೊಂಡೀತು. ನಮ್ಮ ಅಕ್ಷರಗಳಿಗೆ ಮೇಲೆ ಗುಡಿಸು, ಕೆಳಗೆ ಒತ್ತು. 'ರಾಷ್ಟ್ರ', 'ಸ್ತ್ರೀ', 'ಶಾಸ್ತ್ರ' ಎಂದು ಬರೆದು ಎತ್ತರವನ್ನು ಬಿಗಿಗೊಳಿಸಿ ನೋಡಿ. ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ. ಪುಟ ಉಳಿಸುವ ಆಸೆಗೆ ವ್ಯಂಜನವೊಂದನ್ನು ಬಲಿಕೊಟ್ಟಂತಾಯಿತು. ಎತ್ತರವನ್ನು ನೀವೇ ಗೊತ್ತುಮಾಡಬೇಕಾದರೆ 'ಅಟ್ ಲೀಸ್ಟ್' ಎಂಬುದನ್ನು ಆರಿಸಿ. ಕನಿಷ್ಠ ಇಷ್ಟು, ಬೇಕಾದರೆ ಹೆಚ್ಚು ಎಂದು ಅರ್ಥ. ಒತ್ತಿಗೆ ನಿಲ್ಲಲು ನೆಲ ದೊರೆಯುತ್ತದೆ.

ಮೂರನೆಯ ಪಾಠ, ಪುಟ ಮುಗಿಸುವುದು. ಹದಿನಾಲ್ಕು ಸಲ ಎಂಟರ್ ಒತ್ತುವ ಬದಲು ಕಂಟ್ರೋಲ್ ಹಿಡಿದು ಎಂಟರನ್ನು ಒಂದೇ ಸಲ ಒತ್ತಿ. ಇದಕ್ಕೆ ಪೇಜ್ ಬ್ರೇಕ್ ಎನ್ನುತ್ತಾರೆ. ನಾವು ಪುಟದ ಬದು ಎನ್ನೋಣ. ಹಿಂದೆ ಹತ್ತು ಸಾಲು ಸೇರಿಸಿದರೂ ತೆಗೆದರೂ ಬದುವಿನ ಆಚೆಯ ಬರಹ ಹೊಸ ಪುಟದ ನೆತ್ತಿಯಲ್ಲೇ ತೊಡಗುತ್ತದೆ. ಪುಸ್ತಕದ ಪ್ರತಿಯೊಂದು ಅಧ್ಯಾಯವೂ ಹೊಸ ಪುಟದಲ್ಲಿ ತೊಡಗಬೇಕಾದರೆ ಇದಕ್ಕಿಂತ ಒಳ್ಳೆಯ ಉಪಾಯವಿದೆ: ಅಧ್ಯಾಯದ ತಲೆಬರಹಕ್ಕೇ 'ಪೇಜ್ ಬ್ರೇಕ್ ಬಿಫೋರ್' ಎಂಬ ಗುಣ ಕೊಡುವುದು. ಆಮೇಲೆ ಆ ತಲೆಬರಹವನ್ನು ನೀವು ಎಲ್ಲಿಗೆ ಎತ್ತಿ ಇಟ್ಟರೂ ಅದು ತನ್ನ ಪುಟವನ್ನು ತಾನೇ ತೆರೆದುಕೊಳ್ಳುತ್ತದೆ.

ನಾಲ್ಕನೆಯ ಪಾಠವೇ ಎಲ್ಲಕ್ಕೂ ಮುಖ್ಯ: ಯಾವುದು ಯಾವುದನ್ನು ಅಗಲಕೂಡದು ಎಂಬ ವಿಚಾರ. ಭಟ್ಕಳ ತಾಲ್ಲೂಕಿನ ಹಾಡುವಳ್ಳಿಯ ಹೆಸರನ್ನು ಕನ್ನಡ ವ್ಯಾಕರಣ ಓದಿದವರು ಮರೆಯುವಂತಿಲ್ಲ. ಅಲ್ಲಿಯ ಜೈನಮಠದ ಪರಂಪರೆಗೆ ಸೇರಿದ ಭಟ್ಟಾಕಳಂಕದೇವನು ೧೬೦೪ರಲ್ಲಿ 'ಕರ್ಣಾಟಕ ಶಬ್ದಾನುಶಾಸನ'ವನ್ನು ರಚಿಸಿದನು. ಕನ್ನಡ ಭಾಷೆಗೆ ಸಂಸ್ಕೃತದಲ್ಲಿ ಬರೆದ ವ್ಯಾಕರಣ. ೫೯೨ ಸೂತ್ರಗಳು, ಅವಕ್ಕೆ 'ಭಾಷಾಮಂಜರಿ' ಎಂಬ ವೃತ್ತಿ, ಅದಕ್ಕೆ 'ಮಂಜರೀಮಕರಂದ' ಎಂಬ ವ್ಯಾಖ್ಯಾನ. ಇಂಥ ಗ್ರಂಥವನ್ನು ಇಂದು ಗಣಕದಲ್ಲಿ ಜೋಡಿಸುವವರು ಸೂತ್ರವನ್ನು ಪುಟದ ಕೊನೆಯ ಸಾಲಿನಲ್ಲಿ ಬಿಟ್ಟು ವೃತ್ತಿಯನ್ನು ಮಗ್ಗುಲಿಗೆ ತಳ್ಳಿದರೆ ಓದುವ ವಿದ್ಯಾರ್ಥಿಯ ಗತಿಯೇನು? ಸೂತ್ರವಿಲ್ಲದೆ ವೃತ್ತಿ ತಿಳಿಯದು, ವೃತ್ತಿಯಿಲ್ಲದೆ ಸೂತ್ರ ತಿಳಿಯದು. ಪುಟವನ್ನು ಹಿಂದಕ್ಕೂ ಮುಂದಕ್ಕೂ ಮಗುಚುವುದರಲ್ಲೇ ಪಾಠ ಮುಗಿದೀತು. ಇದಕ್ಕೆ ಇರುವ ಗುಣದ ಹೆಸರು 'ಕೀಪ್ ವಿತ್ ನೆಕ್ಸ್ಟ್'. ಮುಂದಿನ ಪ್ಯಾರಾದ ಕೈಬಿಡಬೇಡ ಎಂದು ಹೇಳಿದಂತೆ. ಸೂತ್ರಕ್ಕೆ ಈ ಗುಣ ಕೊಟ್ಟಿದ್ದರೆ, ವೃತ್ತಿ ಮುಂದಿನ ಪುಟಕ್ಕೆ ಹೋಗಬೇಕಾದಾಗ ಸೂತ್ರವೂ ತಾನಾಗಿ ಅದರೊಡನೆ ಹೋಗುತ್ತದೆ.

ಹೊನ್ನಾವರ ತಾಲ್ಲೂಕಿನ ಕರ್ಕಿಯ ವೆಂಕಟರಮಣ ಶಾಸ್ತ್ರಿ ಸೂರಿಯವರು 'ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ'ವನ್ನು ೧೮೮೭ರಲ್ಲಿ ಬರೆದರು. ಕನ್ನಡದ ಮೊದಲ ಸಾಮಾಜಿಕ ನಾಟಕವೆಂದು ಅದನ್ನು ವಿದ್ವಾಂಸರು ಎಣಿಸುತ್ತಾರೆ. ನಾಟಕದಲ್ಲಿ ಪಾತ್ರದ ಹೆಸರು ಒಂದು ಸಾಲಿನಲ್ಲಿ, ಮಾತು ಅದರ ಕೆಳಗೆ ಎಂದು ಜೋಡಿಸುವುದಾದರೆ ಹೆಸರು ಒಂದು ಪುಟ, ಮಾತು ಇನ್ನೊಂದು ಪುಟ ಆಗಬಾರದು. ಅಲ್ಲಿಯೂ ಇದೇ ಗುಣ.

ಯಕ್ಷಗಾನದ ಮಾತನ್ನೂ ಹೇಳಬೇಕು. ೧೯೩೪ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳವನ್ನು ಕಟ್ಟಿದ ನಾಡು ನಮ್ಮದು. ಪ್ರಸಂಗದ ಪ್ರತಿಯನ್ನು ಇಂದು ಗಣಕದಲ್ಲಿ ಸಿದ್ಧಪಡಿಸುವವರಿದ್ದಾರೆ. ಭಾಗವತರ ಎರಡು ಕೈಯಲ್ಲೂ ತಾಳ, ಮದ್ದಲೆ ಚಂಡೆ ಏರುತ್ತಿವೆ, ವೇಷಧಾರಿ ಕುಣಿತದಲ್ಲಿದ್ದಾನೆ. ಪದ್ಯದ ಮೂರನೆಯ ಸಾಲಿಗೆ ಪುಟ ಮುಗಿದರೆ ಹಾಳೆ ಮಗುಚುವವರು ಯಾರು? ರಾಗತಾಳದ ಹೆಸರು ತಳದಲ್ಲಿ ಉಳಿದು ಪದ್ಯ ಆಚೆ ಹೋದರೆ ಅದೂ ಫಜೀತಿಯೇ. ಪದ್ಯದ ಸಾಲುಗಳನ್ನು ಷಿಫ್ಟ್ ಹಿಡಿದು ಮುರಿದಿದ್ದರೆ ಇಡೀ ಪದ್ಯ ಒಂದೇ ಪ್ಯಾರಾ ಆಗಿರುತ್ತದೆ. ಅದಕ್ಕೆ 'ಕೀಪ್ ಲೈನ್ಸ್ ಟುಗೆದರ್' ಎಂಬ ಗುಣ ಕೊಡಿ. ಪದ್ಯ ಒಡೆಯುವುದಿಲ್ಲ, ಹೋದರೆ ಇಡಿಯಾಗಿ ಮುಂದಿನ ಪುಟಕ್ಕೆ ಹೋಗುತ್ತದೆ. ಮೇಲಿನ ರಾಗತಾಳದ ಸಾಲಿಗೆ 'ಕೀಪ್ ವಿತ್ ನೆಕ್ಸ್ಟ್' ಕೊಡಿ. ಭಾಗವತರು ನಿಮ್ಮನ್ನು ಹರಸಿಯಾರು.

ಪ್ಯಾರಾದ ಮೊದಲ ಸಾಲೊಂದೇ ಪುಟದ ತಳದಲ್ಲಿ ಉಳಿಯುವುದು, ಕೊನೆಯ ಸಾಲೊಂದೇ ಮುಂದಿನ ಪುಟದ ನೆತ್ತಿಗೆ ಹೋಗುವುದು ಇವೆರಡೂ ಅಚ್ಚಿನ ದೋಷಗಳು. ಇಂಗ್ಲಿಷ್ ಅಚ್ಚುಗಾರರು ಇವುಗಳನ್ನು ಅನಾಥ, ವಿಧವೆ ಎಂದು ಕರೆದರು, ಕಠೋರವಾದ ಹೆಸರುಗಳು. ನಾವು ಒಂಟಿಸಾಲು ಎಂದರೆ ಸಾಕು. 'ವಿಡೋ ಆರ್ಫನ್ ಕಂಟ್ರೋಲ್' ಎಂಬ ಮನೆಯಲ್ಲಿ ಗುರುತು ಹಾಕಿದ್ದರೆ ಕನಿಷ್ಠ ಎರಡು ಸಾಲು ಜೊತೆಯಾಗಿರುವಂತೆ ಯಂತ್ರವೇ ನೋಡಿಕೊಳ್ಳುತ್ತದೆ.

ಇಷ್ಟೆಲ್ಲ ಅಂದಚೆಂದದ ಮಾತಾಯಿತು, ಇದರಿಂದ ಹಾನಿ ಏನು ಎಂದು ನೀವು ಕೇಳಬಹುದು. ಹಾನಿಯುಂಟು. ಪ್ರಶ್ನೆಪತ್ರಿಕೆಯನ್ನೇ ನೋಡಿ. ಪ್ರಶ್ನೆ ಒಂದು ಪುಟದ ತಳದಲ್ಲಿ, ಅದರ ನಾಲ್ಕು ಉತ್ತರಗಳು ಮಗ್ಗುಲಲ್ಲಿ. ಹೊಂದಿಸಿ ಬರೆಯಿರಿ ಎಂಬಲ್ಲಿ ಅ ಪಟ್ಟಿಯ ಮೂರು ಸಾಲು ಇಲ್ಲಿ, ಉಳಿದೆರಡು ಅಲ್ಲಿ. ಜಾಣ ಹುಡುಗ ಹಾಳೆ ಮಗುಚುತ್ತಾನೆ. ಹೆದರಿದ ಹುಡುಗಿ ಮಗುಚುವುದಿಲ್ಲ. ಕಂಡಷ್ಟಕ್ಕೆ ಉತ್ತರ ಬರೆದು ಕೂರುತ್ತಾಳೆ. ಉತ್ತರ ಗೊತ್ತಿದ್ದೂ ಅಂಕ ಹೋಯಿತು. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವನಾಗಿ ಹೇಳುತ್ತೇನೆ, ಕೊನೆಯ ಪುಟದ ಪ್ರಶ್ನೆಯನ್ನು ಕಾಣದೆ ಬಿಟ್ಟ ಮಕ್ಕಳು ಪ್ರತಿ ವರ್ಷವೂ ಇರುತ್ತಾರೆ. ಅದು ಮಗುವಿನ ಅಜ್ಞಾನವಲ್ಲ, ಜೋಡಿಸಿದವರ ಅಲಕ್ಷ್ಯ.

ಪ್ರಶ್ನೆಪತ್ರಿಕೆ ಸಿದ್ಧಪಡಿಸುವ ಸಹೋದ್ಯೋಗಿಗಳು ಹೀಗೆ ಮಾಡಬಹುದು. ಪ್ರಶ್ನೆಯ ಸಾಲಿಗೂ ಮೊದಲ ಮೂರು ಉತ್ತರಗಳಿಗೂ 'ಕೀಪ್ ವಿತ್ ನೆಕ್ಸ್ಟ್' ಕೊಡಿ; ನಾಲ್ಕನೆಯದಕ್ಕೆ ಕೊಡಬೇಡಿ. ಎಲ್ಲಕ್ಕೂ ಕೊಟ್ಟರೆ ಇಡೀ ಪತ್ರಿಕೆ ಒಂದೇ ಸರಪಳಿಯಾಗುತ್ತದೆ. ಒಂದು ಪುಟದಲ್ಲಿ ಹಿಡಿಸದ ಸರಪಳಿಯನ್ನು ಯಂತ್ರ ತನಗೆ ತೋಚಿದಲ್ಲಿ ತುಂಡರಿಸುತ್ತದೆ. ಹೊಂದಿಸಿ ಬರೆಯುವ ಪಟ್ಟಿಯನ್ನು ಕೋಷ್ಟಕದಲ್ಲಿ ಬರೆದಿದ್ದರೆ ಕೊನೆಯ ಸಾಲೊಂದನ್ನು ಬಿಟ್ಟು ಉಳಿದ ಸಾಲುಗಳಿಗೆ ಇದೇ ಗುಣ ಕೊಡಿ. ಕೋಷ್ಟಕದ ಗುಣಗಳಲ್ಲಿ, ಸಾಲು ಎರಡು ಪುಟಕ್ಕೆ ಒಡೆಯಬಹುದೆಂಬ ಅನುಮತಿಯ ಗುರುತು ಇರುತ್ತದೆ, ಅದನ್ನು ತೆಗೆದುಹಾಕಿ. ಬರಹ ಮುಂದಿನ ಪುಟಕ್ಕೆ ಸಾಗಿದಲ್ಲಿ ತಳದಲ್ಲಿ 'ಪುಟ ತಿರುಗಿಸಿ' ಎಂದು ಬರೆಯುವ ಹಳೆಯ ಪದ್ಧತಿಯನ್ನೂ ಬಿಡಬೇಡಿ. ಅದರಲ್ಲಿ ಮಕ್ಕಳ ಮೇಲಿನ ಕರುಣೆಯುಂಟು.

ಕರಾರುಪತ್ರದಲ್ಲಿ ಹಾನಿ ಇನ್ನೂ ದೊಡ್ಡದು. ಮನೆ ಬಾಡಿಗೆಯದೋ ತೋಟದ ಗುತ್ತಿಗೆಯದೋ ಪತ್ರ ಬರೆದಿರಿ. ಷರತ್ತುಗಳೆಲ್ಲ ಎರಡನೆಯ ಪುಟದಲ್ಲಿ ಮುಗಿದವು. ರುಜುಗಳ ಜಾಗ ಮಾತ್ರ ಮೂರನೆಯ ಪುಟಕ್ಕೆ ಜಾರಿತು. ಬೇರೊಂದು ಮಾತೂ ಇಲ್ಲದ ಹಾಳೆಯ ಮೇಲೆ ನಿಮ್ಮ ರುಜು! ಆ ಹಾಳೆಯನ್ನು ಯಾವ ಪತ್ರಕ್ಕೆ ಲಗತ್ತಿಸಿದರೂ ಹೊಂದಿಕೊಳ್ಳುತ್ತದೆ. ಎಲ್ಲರೂ ಮೋಸಗಾರರೆಂದು ನಾನು ಹೇಳುತ್ತಿಲ್ಲ. ಮೋಸಕ್ಕೆ ಬಾಗಿಲು ತೆರೆದಿಡುವುದೇಕೆ? ಕೊನೆಯ ಷರತ್ತಿಗೆ 'ಕೀಪ್ ವಿತ್ ನೆಕ್ಸ್ಟ್' ಕೊಟ್ಟರೆ ಅದರ ಕೊನೆಯ ಒಂದೆರಡು ಸಾಲಾದರೂ ರುಜುವಿನ ಪುಟದಲ್ಲೇ ಇರುತ್ತವೆ. ಅದರ ಮೇಲೆ ಪ್ರತಿಪುಟಕ್ಕೂ ಅಂಕಿ ಹಾಕಿ, ಪ್ರತಿಪುಟಕ್ಕೂ ರುಜು ಮಾಡಿ. ಬೇರೆಯವರು ಬರೆದು ತಂದ ಪತ್ರಕ್ಕೆ ರುಜು ಹಾಕುವಾಗಲೂ ಇದನ್ನು ನೋಡಿಕೊಳ್ಳಿ. ಅಕ್ಷರ ಬಲ್ಲವರು ಅಕ್ಷರ ಬಾರದ ನೆರೆಯವರಿಗಾಗಿ ನೋಡಿಕೊಟ್ಟರೆ ಇನ್ನೂ ಒಳ್ಳೆಯದು.

ಭಟ್ಕಳದವರಿಗೆ ಇನ್ನೊಂದು ಮಾತು. ಅಲ್ಲಿ ಕನ್ನಡದ ಜೊತೆಗೆ ಉರ್ದು, ನವಾಯತಿ ಮಾತುಗಳ ಬರಹವೂ ರೂಢಿಯಲ್ಲಿದೆ. ಅವು ಬಲದಿಂದ ಎಡಕ್ಕೆ ಓಡುತ್ತವೆ, ಕನ್ನಡ ಎಡದಿಂದ ಬಲಕ್ಕೆ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯಬೇಕಾದಾಗ ಖಾಲಿ ಜಾಗದ ಕೀಲಿಯನ್ನು ಒತ್ತಿ ಒತ್ತಿ ಸಾಲನ್ನು ಬಲಕ್ಕೆ ತಳ್ಳುವುದು ಬೇಡ. ಓಟದ ದಿಕ್ಕು ಕೂಡ ಪ್ಯಾರಾದ ಗುಣವೇ. ಆ ಪ್ಯಾರಾಕ್ಕೆ ಬಲದಿಂದ ಎಡಕ್ಕೆ ಎಂದು ಒಮ್ಮೆ ಹೇಳಿದರೆ ಪೂರ್ಣವಿರಾಮವೂ ತನ್ನ ಜಾಗದಲ್ಲಿ ನಿಲ್ಲುತ್ತದೆ. ಒಂದೇ ಹಾಳೆಯಲ್ಲಿ ಎರಡು ಲಿಪಿಗಳು ಒಂದನ್ನೊಂದು ನೂಕದೆ ಕೂಡಿ ಬಾಳುತ್ತವೆ.

ಪ್ರತಿ ಪ್ಯಾರಾಕ್ಕೂ ಇಷ್ಟೊಂದು ಗುಣಗಳನ್ನು ಕೊಡುತ್ತ ಕೂರುವುದು ಹೇಗೆ ಎಂದು ಬೇಸರ ಪಡಬೇಡಿ. ವ್ಯಾಕರಣದಲ್ಲಿ ಅಧಿಕಾರಸೂತ್ರ ಎಂಬುದೊಂದಿದೆ. ಒಮ್ಮೆ ಮೇಲೆ ಹೇಳಿದರಾಯಿತು, ಅದರ ಕೆಳಗಿನ ಸೂತ್ರಗಳಿಗೆಲ್ಲ ಅದು ಅನ್ವಯಿಸುತ್ತ ಹೋಗುತ್ತದೆ. ಗಣಕದಲ್ಲಿ ಸ್ಟೈಲ್ ಎಂಬುದು ಇಂಥ ಅಧಿಕಾರಸೂತ್ರ. ತಲೆಬರಹ ಎಂಬ ಸ್ಟೈಲಿಗೆ ಅಕ್ಷರದ ಗಾತ್ರ, ಮೇಲಿನ ತೆರಪು, ಮುಂದಿನದನ್ನು ಅಗಲದಿರುವ ಗುಣ ಇವನ್ನು ಒಮ್ಮೆ ಹೇಳಿಡಿ. ಆಮೇಲೆ ನೂರು ತಲೆಬರಹಗಳಿದ್ದರೂ ಒಂದೊಂದಕ್ಕೂ ಆ ಹೆಸರು ಹಚ್ಚಿದರೆ ಸಾಕು. ನಾಳೆ ತೆರಪು ಹೆಚ್ಚಾಯಿತೆನಿಸಿದರೆ ಸ್ಟೈಲಿನಲ್ಲಿ ಒಂದೆಡೆ ತಿದ್ದಿರಿ, ನೂರೂ ತಿದ್ದಿಕೊಳ್ಳುತ್ತವೆ. ಎಲ್ಲೋ ಒಂದು ಕಡೆ ಮಾತ್ರ ಬೇರೆ ರೀತಿ ಬೇಕಾದರೆ ಅಲ್ಲಿಗೆ ಮಾತ್ರ ಬೇರೆ ಹೇಳಬಹುದು. ಅದು ಅಪವಾದ. ಅಪವಾದಗಳೇ ಹೆಚ್ಚಾದರೆ ಶಾಸ್ತ್ರ ಕೆಡುತ್ತದೆಂಬ ಹಿರಿಯರ ಮಾತು ಇಲ್ಲಿಯೂ ನಿಜ.

ಕೊನೆಗೆ ಅಚ್ಚಿಗೆ ಕೊಡುವ ಮಾತು. ಯೂನಿಕೋಡ್ ಎಂಬ ಜಾಗತಿಕ ಸಂಕೇತಮಾಲೆಯಲ್ಲಿ ಕನ್ನಡಕ್ಕೆ ೧೯೯೧ರಲ್ಲೇ ಸ್ಥಾನ ದೊರೆಯಿತು. ಆದುದರಿಂದ ಯೂನಿಕೋಡಿನಲ್ಲಿ ಬರೆದ ಅಕ್ಷರ ಇಂದು ಯಾವ ಊರಿನ ಯಂತ್ರದಲ್ಲೂ ಕನ್ನಡವಾಗಿಯೇ ಕಾಣುತ್ತದೆ. ಆದರೆ ಅಕ್ಷರ ಉಳಿದರೂ ಅದರ ಅಳತೆ ಉಳಿಯುವುದಿಲ್ಲ, ಏಕೆಂದರೆ ಅಕ್ಷರಶೈಲಿ ಎಲ್ಲ ಕಡೆಯೂ ಒಂದೇ ಅಲ್ಲ. ತಿದ್ದುವ ಕೆಲಸವೆಲ್ಲ ಮುಗಿದಮೇಲೆ ಕಡತವನ್ನು ಪಿಡಿಎಫ್ ಆಗಿ ಮಾಡಿ ಅಂಗಡಿಗೆ ಕೊಡಿ. ೧೯೯೩ರಲ್ಲಿ ಹೊರಬಂದು ೨೦೦೮ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಈ ರೂಪದಲ್ಲಿ ಪುಟ ಇದ್ದಂತೆಯೇ ನಿಲ್ಲುತ್ತದೆ. ಹರಿಯುವ ನೀರು ಉಪ್ಪಾಗಿ ಗಟ್ಟಿಯಾದಂತೆ. ಉಪ್ಪಾದಮೇಲೆ ಮತ್ತೆ ಬದು ಕಟ್ಟಲಾಗದು. ಆದಕಾರಣ ಪಿಡಿಎಫ್ ಮಾಡುವ ಮೊದಲು ಪುಟಗಳನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಕಣ್ಣಾಡಿಸಿ ನೋಡತಕ್ಕದ್ದು.

ಓದುಗರೆ, ಇಷ್ಟನ್ನೂ ಒಂದೇ ದಿನ ಕಲಿಯಬೇಕಾಗಿಲ್ಲ. ನಿಮ್ಮ ಮನೆಯಲ್ಲಿ ಯಾವುದಾದರೊಂದು ಹಳೆಯ ಕಡತವಿದ್ದೇ ಇರುತ್ತದೆ. ಇಂದು ರಾತ್ರಿ ಊಟವಾದಮೇಲೆ ಅದನ್ನು ತೆರೆದು ಆ ಹಿಂದುಮುಂದಾದ ಗುರುತುಗಳನ್ನು ಕಾಣುವಂತೆ ಮಾಡಿ. ಅಕ್ಷರವಿಲ್ಲದ ಸಾಲುಗಳು ಎಷ್ಟಿವೆ ಎಂದು ಮಕ್ಕಳಿಂದ ಎಣಿಸಿ. ಒಂದೊಂದನ್ನೇ ಅಳಿಸಿ, ಅದರ ಜಾಗಕ್ಕೆ ಪ್ಯಾರಾದ ತೆರಪನ್ನೋ ಪುಟದ ಬದುವನ್ನೋ ಇಡಿ. ಆಮೇಲೆ ಮೊದಲ ಪುಟದಲ್ಲಿ ಬೇಕೆಂದೇ ಐದು ಸಾಲು ಸೇರಿಸಿ ನೋಡಿ. ಎಲ್ಲವೂ ತನ್ನ ತನ್ನ ಜಾಗದಲ್ಲಿ ನಿಂತಿದ್ದರೆ ನಿಮ್ಮ ಬದು ಗಟ್ಟಿಯಾಗಿದೆ. ಆ ಕಡತವನ್ನು ಭಟ್ಕಳಕ್ಕಾದರೂ ಕಳಿಸಿ, ಬೆಂಗಳೂರಿಗಾದರೂ ಕಳಿಸಿ.